ಹಾಳೆಯಲ್ಲಿ ಇಲ್ಲದ ಮೂರು ವಚನ

ಹೋದ ವರ್ಷ ನಮ್ಮ ಕಡೆಯ ಹುಡುಗನೊಬ್ಬನ ಗುರುದೀಕ್ಷೆ ಆಯಿತು, ಅಂದರೆ ಅವನು ಕಥೋಲಿಕ ಪಾದ್ರಿಯಾದ. ಅವನ ಅಜ್ಜಿ ಮತ್ತು ನಮ್ಮವ್ವ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಒಂದೇ ಓಣಿಯವರು. ಆ ಸಲುಗೆಯಿಂದ ಪೂಜೆಯಲ್ಲಿ ಕೀರ್ತನೆ ಓದುವ ಕೆಲಸ ನನಗೆ ಬಂತು. 110ನೇ ಕೀರ್ತನೆ. ಒಂದು ವಾರ ಮೊದಲೇ ಬೈಬಲ್ ತೆಗೆದು ಜೋರಾಗಿ ಓದಿ ರೂಢಿ ಮಾಡಿಕೊಂಡೆ. ಚಿಕ್ಕ ಕೀರ್ತನೆ, ಒಟ್ಟು ಏಳೇ ವಚನ. ಆದರೆ ಆ ದಿನ ಬೆಳಿಗ್ಗೆ ಕೈಗೆ ಕೊಟ್ಟ ಹಾಳೆಯಲ್ಲಿ ನಾಲ್ಕೇ ಇದ್ದವು. ನೀನು ಎಂದೆಂದಿಗೂ ಯಾಜಕ ಎನ್ನುವ ನಾಲ್ಕನೇ ವಚನಕ್ಕೆ ಹಾಳೆ ಮುಗಿದಿತ್ತು. ಗುರುದೀಕ್ಷೆಗೆ ಅದೇ ಬೇಕಾದ ಮಾತು, ಸರಿಯೇ. ನಾನು ಓದಿದೆ, ಜನ ಪಲ್ಲವಿ ಹಾಡಿದರು, ಬಂದು ಕೂತೆ.

ಆಮೇಲೆ ಆ ಹುಡುಗ ಪೀಠದ ಮುಂದೆ ನೆಲಕ್ಕೆ ಮುಖ ಮಾಡಿ ಬೋರಲು ಮಲಗಿದ. ಸಂತರ ಹೆಸರು ಒಂದೊಂದಾಗಿ ಹೇಳುತ್ತಿದ್ದರು, ಜನ ನಮಗಾಗಿ ಪ್ರಾರ್ಥಿಸಿ ಎನ್ನುತ್ತಿದ್ದರು. ಬಿಳಿ ನಿಲುವಂಗಿಯ ತುದಿಯಿಂದ ಅವನ ಎರಡೂ ಅಂಗಾಲು ಹೊರಗೆ ಕಾಣುತ್ತಿದ್ದವು. ನನ್ನ ಕಣ್ಣು ಅಲ್ಲೇ ನಿಂತಿತು. ತಲೆಯಲ್ಲಿ ಮಾತ್ರ ಬಿಟ್ಟುಹೋದ ಆ ಮೂರು ವಚನ ತಿರುಗುತ್ತಿದ್ದವು. ರಾಜರನ್ನು ಪುಡಿ ಮಾಡುವ ಐದನೆಯದು. ಹೆಣಗಳ ರಾಶಿ ಹಾಕುವ ಆರನೆಯದು. ದಾರಿಯ ಹಳ್ಳದಲ್ಲಿ ನೀರು ಕುಡಿದು ತಲೆ ಎತ್ತುವ ಏಳನೆಯದು. ಯೇಸು ಯಾರು ಎಂದು ಕೇಳಿದರೆ ನಾವು ಪಟ್ಟಂತ ರಾಜರು, ಯಾಜಕರು, ನ್ಯಾಯಾಧೀಶರು ಎನ್ನುತ್ತೇವೆ. ಧರ್ಮೋಪದೇಶದ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು. ಆದರೆ ಆ ಮೂರೂ ಒಬ್ಬರೇ ಆಗೋದು ಹೇಗೆ ಅಂತ ನಾನು ಕೂತು ಯೋಚಿಸಿದ್ದು ಅವತ್ತಿನಿಂದ.

ಮುದಗಲ್ಲಿನಲ್ಲಿ ಕಾದ ರಾಜ

ಮೊದಲ ವಚನವೇ ನನಗೆ ಚಿಕ್ಕಂದಿನಿಂದ ಕಷ್ಟ. ದೇವರು ನನ್ನ ಒಡೆಯನಿಗೆ ಹೇಳುತ್ತಾರೆ, ನಿನ್ನ ವೈರಿಗಳನ್ನು ನಿನ್ನ ಪಾದಪೀಠ ಮಾಡುವ ತನಕ ನನ್ನ ಬಲಗಡೆ ಕೂತಿರು. ಪಾದಪೀಠ ಅಂದರೆ ಕಾಲಿಡುವ ಮಣೆ. ಗೆದ್ದವನು ಸೋತವನ ಕತ್ತಿನ ಮೇಲೆ ಕಾಲಿಡುವುದು ಆ ಕಾಲದ ಪದ್ಧತಿ. ಯೆಹೋಶುವ ತನ್ನ ಸೇನಾಪತಿಗಳಿಂದ ಐದು ರಾಜರ ಕತ್ತಿನ ಮೇಲೆ ಕಾಲಿಡಿಸಿದ ಕತೆ ಬೈಬಲಿನಲ್ಲೇ ಇದೆ.

ನಮ್ಮ ಕಡೆಯವರಿಗೆ ಇದು ದೂರದ ಮಾತಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. ಸೋತ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣಾ ನದಿ ದಾಟಿ ಓಡಿದ. ಆಮೇಲೆ ಸಂಧಿಗೆ ರಾಯಭಾರಿ ಬಂದಾಗ ಏನಾಯಿತು ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿದ್ದಾನೆ. ನಿಮ್ಮ ಸುಲ್ತಾನ ಬಂದು ನನ್ನ ಪಾದಕ್ಕೆ ಮುತ್ತಿಡಲಿ, ಆಗ ಗೆದ್ದದ್ದೆಲ್ಲ ವಾಪಸ್ ಕೊಡುತ್ತೇನೆ ಎಂದನಂತೆ ರಾಯ. ಭೇಟಿಗೆ ಗಡಿಯ ಊರೊಂದು ಗೊತ್ತಾಯಿತು. ರಾಯ ದಂಡು ಕಟ್ಟಿಕೊಂಡು ಹೋಗಿ ಅಲ್ಲಿ ಕಾದ. ಸುಲ್ತಾನ ಬರಲೇ ಇಲ್ಲ. ಸಿಟ್ಟಿಗೆದ್ದ ರಾಯ ಬಿಜಾಪುರದ ತನಕ ನುಗ್ಗಿದ. ಆ ಗಡಿಯ ಊರು ನಮ್ಮ ಮುದಗಲ್ಲು.

ಮೊಹರಂಗೆ ನಮ್ಮೂರಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅದು ಎಲ್ಲರಿಗೂ ಗೊತ್ತು. ನಮ್ಮ ಚರ್ಚಿನ ವಿಷಯ ಅಷ್ಟು ಜನಕ್ಕೆ ಗೊತ್ತಿಲ್ಲ. ಅದು 1557ಕ್ಕಿಂತ ಮೊದಲೇ ಕಟ್ಟಿದ್ದು ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ. ಅಂದರೆ ಪಾದಕ್ಕೆ ಮುತ್ತು ಸಿಗಲಿಲ್ಲ ಅಂತ ರಾಯ ಸಿಟ್ಟಾಗಿ ನಲವತ್ತು ವರ್ಷ ಆಗುವುದರೊಳಗೆ ಅದೇ ಊರಿನಲ್ಲಿ ಪೂಜೆ ಶುರುವಾಗಿತ್ತು. ಪೂಜೆ ಇದ್ದಲ್ಲಿ ಪವಿತ್ರ ಗುರುವಾರವೂ ಇರುತ್ತದೆ, ಅಲ್ವಾ? ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಗುರುಗಳು ಹನ್ನೆರಡು ಜನರ ಕಾಲು ತೊಳೆಯುವ ದಿನ ಅದು. ಅದನ್ನು ಹೇಳೋದಕ್ಕೇ ನಾನು ಈ ಕತೆ ತೆಗೆದದ್ದು.

ನಾನು ಆಗ ಏಳನೇ ಕ್ಲಾಸು. ಆ ವರ್ಷ ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ನಮ್ಮಪ್ಪನ ಹೆಸರೂ ಇತ್ತು. ಅಪ್ಪ ಬೇರೆಯವರ ಹೊಲದಲ್ಲಿ ದುಡಿಯುವವನು. ಎರಿ ಮಣ್ಣಿನಲ್ಲಿ ಬರಿಗಾಲಿನಲ್ಲೇ ನಡೆದು ಅವನ ಹಿಮ್ಮಡಿ ಬೇಸಿಗೆಯ ಹೊಲದ ಹಾಗೆ ಬಿರುಕು ಬಿಟ್ಟಿದ್ದವು. ಒಂದೊಂದು ಬಿರುಕಿನಲ್ಲಿ ಎಂಟಾಣೆ ನಾಣ್ಯ ನಿಲ್ಲಿಸಬಹುದಿತ್ತು. ಬಿರುಕಿನೊಳಗೆ ಕರಿ ಮಣ್ಣು ಕೂತು ಕೂತು ಚರ್ಮದ ಬಣ್ಣವೇ ಆಗಿಬಿಟ್ಟಿತ್ತು. ಗುರುವಾರ ಮಧ್ಯಾಹ್ನ ಅಪ್ಪ ಬಚ್ಚಲಲ್ಲಿ ಕೂತು ಇಟ್ಟಂಗಿ ಚೂರಿನಿಂದ ಹಿಮ್ಮಡಿ ತಿಕ್ಕುತ್ತಿದ್ದ. ಒಂದು ತಾಸು ತಿಕ್ಕಿರಬೇಕು. ರಕ್ತ ಬಂತು. ಅವ್ವ ಹರಳೆಣ್ಣೆ ಹಚ್ಚಿದಳು. “ತೊಳೀಲಿಕ್ಕಂತನ ಕರದಾರ, ನೀನ ತೊಳಕೊಂಡ್ರ ಅವರೇನು ತೊಳೀಬೇಕು?” ಅಂದಳು. ಅಪ್ಪ ಮಾತಾಡಲಿಲ್ಲ.

ಸಂಜೆ ಹನ್ನೆರಡು ಜನ ಸಾಲಾಗಿ ಬೆಂಚಿನ ಮೇಲೆ ಕೂತರು. ಫಾದರ್ ಮೇಲಿನ ಉಡುಪು ತೆಗೆದಿಟ್ಟು ಸೊಂಟಕ್ಕೆ ಟವಲ್ ಸುತ್ತಿಕೊಂಡರು. ಪೂಜೆಗೆ ಸಹಾಯ ಮಾಡುವ ಹುಡುಗರಲ್ಲಿ ನಾನೂ ಒಬ್ಬ. ಹಿತ್ತಾಳೆ ಪರಾತ ಹಿಡಿಯೋದು ನನ್ನ ಕೆಲಸ, ಹಾಗಾಗಿ ಎಲ್ಲ ಹತ್ತಿರದಿಂದ ಕಂಡೆ. ಅಪ್ಪನ ಸರದಿ ಬಂದಾಗ ಅವನು ಕಾಲು ಹಿಂದೆ ಎಳೆದುಕೊಂಡ. “ಬ್ಯಾಡ್ರಿ ಸ್ವಾಮೇರ, ಭಾಳ ಹೊಲಸದಾವ” ಅಂದ. ಫಾದರ್ ಏನೂ ಹೇಳದೆ ಕೈ ಚಾಚಿ ಕಾಯುತ್ತ ಕೂತರು. ಮೊಣಕಾಲೂರಿ, ಅಂಗೈ ಮೇಲೆ ಮಾಡಿ, ಸುಮ್ಮನೆ. ಇಡೀ ಚರ್ಚು ಸುಮ್ಮನಿತ್ತು. ಕೊನೆಗೆ ಅಪ್ಪ ಕಾಲನ್ನು ಆ ಅಂಗೈ ಮೇಲೆ ಇಟ್ಟ. ಅಷ್ಟು ತಿಕ್ಕಿದ್ದರೂ ಪರಾತದ ನೀರು ಕಪ್ಪಾಯಿತು. ಫಾದರ್ ಒರೆಸಿದರು, ಬಗ್ಗಿ ಆ ಒಡೆದ ಪಾದಕ್ಕೆ ಮುತ್ತಿಟ್ಟರು. ಅಪ್ಪನ ಕೆಳತುಟಿ ನಡುಗುತ್ತಿತ್ತು. ನಾನು ಪರಾತದ ನೀರನ್ನೇ ನೋಡುತ್ತ ನಿಂತೆ.

(2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ ಮೇಲೆ ಹೆಂಗಸರ ಕಾಲನ್ನೂ ತೊಳೆಯಬಹುದು. ಅವ್ವನ ಹಿಮ್ಮಡಿ ಅಪ್ಪನದಕ್ಕಿಂತ ಜಾಸ್ತಿ ಒಡೆದಿದ್ದವು. ಆ ನಿಯಮ ತುಂಬ ತಡವಾಗಿ ಬಂತು.)

ನುನಿಜ್ ಬರೆದದ್ದನ್ನು ನಾನು ಓದಿದ್ದು ಇದಾಗಿ ಎಷ್ಟೋ ವರ್ಷದ ಮೇಲೆ. ಓದಿದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಕೂತಿದ್ದೆ. ಕೃಷ್ಣದೇವರಾಯನನ್ನು ನಾನು ಹಳಿಯುತ್ತಿಲ್ಲ. ಅವನು ದೊಡ್ಡ ರಾಜ, ಆ ಕಾಲದ ರಾಜರು ಮಾಡುವುದನ್ನೇ ಮಾಡಿದ. ಆದರೆ ಕೀರ್ತನೆಯ ರಾಜನನ್ನು ನಾನು ಅದೇ ಅಳತೆಯಿಂದ ಅಳೆಯುತ್ತಿದ್ದೆನಲ್ಲ, ಅಲ್ಲೇ ತಪ್ಪಿದ್ದು. ಯೇಸು ಈ ಕೀರ್ತನೆಯನ್ನು ತಮ್ಮದು ಎಂದು ಹೇಳಿಕೊಂಡದ್ದು ಯಾವಾಗ? ದೇವಾಲಯದಲ್ಲಿ ಪಂಡಿತರಿಗೆ ಒಂದು ಪ್ರಶ್ನೆ ಹಾಕಿದ್ದರು, ಈ ಕೀರ್ತನೆ ಹಾಡಿದ ರಾಜ ದಾವೀದನೇ ಸ್ವತಃ ಒಡೆಯ ಎಂದು ಕರೆದವನು ದಾವೀದನ ಮಗ ಆಗೋದು ಹೇಗೆ ಅಂತ. ಆಗ ತಮ್ಮ ಹೆಸರು ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಿದ್ದು ಸೆರೆ ಸಿಕ್ಕ ರಾತ್ರಿ, ಮಹಾಯಾಜಕನ ಎದುರು ನಿಂತಾಗ. ದೇವರ ಬಲಗಡೆ ಕೂತಿರುವುದನ್ನು ನೀವು ಕಾಣುವಿರಿ ಎಂದರು. ಆ ಮಾತಿಗೇ ಮಹಾಯಾಜಕ ಬಟ್ಟೆ ಹರಿದುಕೊಂಡ. ಆ ಮಾತಿಗೇ ಮರಣದಂಡನೆ. ಅಂದರೆ ಸಿಂಹಾಸನದ ಹಕ್ಕು ಹೇಳಿದ್ದು ಸೆರೆಯಾಳಾಗಿ. ಯೋಹಾನನ ಪ್ರಕಾರ ಅದಕ್ಕೆ ಕೆಲವೇ ತಾಸು ಮೊದಲು ಸೊಂಟಕ್ಕೆ ಟವಲ್ ಸುತ್ತಿಕೊಂಡು ಹನ್ನೆರಡು ಜನರ ಕಾಲು ತೊಳೆದಿದ್ದರು. ಅದರಲ್ಲಿ ಹಿಡಿದುಕೊಡುವವನ ಕಾಲೂ ಇತ್ತು. ವೈರಿಯ ಪಾದ ಅವರ ಅಂಗೈ ಮೇಲೆ ಇತ್ತು.

ಮೂರನೇ ವಚನದಲ್ಲಿ ಈ ರಾಜನ ಜನ ತಾವಾಗಿಯೇ ಬರುತ್ತಾರೆ ಎಂದಿದೆ, ಬೆಳಗಿನ ಇಬ್ಬನಿಯಂತೆ. ಹೆದರಿಸಿ ಕರೆಸಿದ ದಂಡಲ್ಲ. ಅಪ್ಪ ಕಾಲು ಇಟ್ಟದ್ದೂ ತಾನಾಗಿಯೇ.

ಯಾರ ಪೈಕಿ?

ನಮ್ಮ ಕಡೆ ಹೊಸಬರು ಸಿಕ್ಕರೆ ಹೆಸರು ಆದ ಮೇಲೆ ಕೇಳುವ ಮಾತು, ಯಾರ ಪೈಕಿ? ನನ್ನ ಕ್ರೈಸ್ತ ಹೆಸರು ಕೇಳಿದವರು ಒಂದು ಕ್ಷಣ ತಡೆದು, ಅದಕ್ಕೂ ಮೊದಲು ಏನಿದ್ರಿ ಅಂತ ಕೇಳುತ್ತಾರೆ. ನಾನೂರು ವರ್ಷದ ಹಿಂದಿನದನ್ನು ನಾನು ಹೇಗೆ ಹೇಳಲಿ? ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯರು ಇದನ್ನೇ ಮೂರು ಸಲ ಕೇಳಿದರು. ನಾಲ್ಕನೇ ಸಲ ಕೇಳಲಿಲ್ಲ, ನನ್ನ ನೀರಿನ ಲೋಟ ಬೇರೆ ಇಟ್ಟರು. ಇದನ್ನು ಓದುವ ನಮ್ಮ ಜನರೂ ತಾವು ಒಳ್ಳೆಯವರು ಅಂದುಕೊಳ್ಳುವುದು ಬೇಡ. ಮದುವೆ ಮಾತು ಬಂದಾಗ ಚರ್ಚಿನೊಳಗೂ ಈ ಪ್ರಶ್ನೆ ಕೇಳುತ್ತಾರೆ. ನನಗೆ ಗೊತ್ತು, ನಿಮಗೂ ಗೊತ್ತು.

ಅದಕ್ಕೇ ನಾಲ್ಕನೇ ವಚನ ನನಗೆ ಬಹಳ ದೊಡ್ಡದು. ಮೆಲ್ಕಿಸೆದೆಕನ ಪರಂಪರೆಯ ಯಾಜಕ ಎನ್ನುತ್ತದೆ ಅದು. ಇಸ್ರಾಯೇಲಿನಲ್ಲಿ ಯಾಜಕ ಆಗಬೇಕಾದರೆ ಲೇವಿ ಕುಲದಲ್ಲಿ, ಅದರಲ್ಲೂ ಆರೋನನ ವಂಶದಲ್ಲಿ ಹುಟ್ಟಬೇಕು. ರಾಜ ಆಗುವವನು ದಾವೀದನ ವಂಶ, ಯೂದ ಕುಲ. ಎರಡೂ ಬೇರೆ ಬೇರೆ, ದಾಟುವ ಹಾಗಿಲ್ಲ. ಉಜ್ಜೀಯ ಎಂಬ ರಾಜ, ಒಳ್ಳೆಯ ರಾಜನೇ, ಒಂದು ದಿನ ತಾನೇ ಧೂಪ ಹಾಕುತ್ತೇನೆ ಅಂತ ದೇವಾಲಯದೊಳಗೆ ಹೋದ. ಹಣೆಯಲ್ಲಿ ಕುಷ್ಠ ಕಾಣಿಸಿಕೊಂಡಿತು. ಸಾಯುವ ತನಕ ಬೇರೆ ಮನೆಯಲ್ಲಿ ಇರಬೇಕಾಯಿತು. ನಮ್ಮ ನಾಡಿನಲ್ಲೂ ಅರಸ ಬೇರೆ, ಗುರು ಬೇರೆ. ಅರಸ ಗದ್ದುಗೆಯ ಮುಂದೆ ಬಂದು ತಲೆ ಬಾಗಿಸುತ್ತಾನೆ, ಗದ್ದುಗೆ ಏರುವುದಿಲ್ಲ. ಅದು ಒಳ್ಳೆಯ ವ್ಯವಸ್ಥೆ. ಕತ್ತಿ ಹಿಡಿದ ಕೈಗೇ ದೇವರ ಹೆಸರೂ ಸಿಕ್ಕರೆ ಏನಾಗುತ್ತದೆ ಎಂದು ಎಲ್ಲ ಕಾಲದವರೂ ಕಂಡಿದ್ದಾರೆ.

ಹಾಗಿರುವಾಗ ದಾವೀದನ ಕೀರ್ತನೆ ಒಬ್ಬನನ್ನೇ ರಾಜನೂ ಯಾಜಕನೂ ಮಾಡುತ್ತದೆ. ಅದಕ್ಕೆ ಆರೋನನನ್ನು ಬಿಟ್ಟು, ಮೋಶೆಯನ್ನೂ ದಾಟಿ, ಅಬ್ರಹಾಮನ ಕಾಲಕ್ಕೆ ಹೋಗುತ್ತದೆ. ಆದಿಕಾಂಡದ 14ನೇ ಅಧ್ಯಾಯದಲ್ಲಿ ಮೆಲ್ಕಿಸೆದೆಕ ಬರುವುದು ಮೂರೇ ವಚನ. ಸಾಲೇಮಿನ ರಾಜ, ಪರಾತ್ಪರ ದೇವರ ಯಾಜಕ. ಯುದ್ಧ ಮುಗಿಸಿ ದಣಿದು ಬಂದ ಅಬ್ರಹಾಮನಿಗೆ ರೊಟ್ಟಿ, ದ್ರಾಕ್ಷಾರಸ ತಂದು ಕೊಡುತ್ತಾನೆ, ಹರಸುತ್ತಾನೆ, ಹೋಗುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರ ಅವನ ಬಗ್ಗೆ ಹೇಳುವ ಮಾತು ನೋಡಿ: ತಂದೆಯಿಲ್ಲ, ತಾಯಿಯಿಲ್ಲ, ವಂಶಾವಳಿಯಿಲ್ಲ. ಪ್ರತಿಯೊಬ್ಬನಿಗೂ ಇಂಥವನ ಮಗ ಇಂಥವನು ಅಂತ ಪಟ್ಟಿ ಕೊಡುವ ಪುಸ್ತಕದಲ್ಲಿ ಇವನೊಬ್ಬನಿಗೆ ಅದಿಲ್ಲ. ಯೇಸು ಯೂದ ಕುಲದವರು, ಆ ಲೆಕ್ಕದಲ್ಲಿ ಯಾಜಕರಾಗುವ ಅರ್ಹತೆಯೇ ಇಲ್ಲ. ಪತ್ರ ಬರೆದವರು ಅದನ್ನು ಮುಚ್ಚಿಡುವುದಿಲ್ಲ, ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡು ಇದೇ ನಾಲ್ಕನೇ ವಚನ ತೋರಿಸುತ್ತಾರೆ. ಕುಲದ ಬಲದಿಂದ ಅಲ್ಲ, ಅಳಿಯದ ಬದುಕಿನ ಬಲದಿಂದ ಇವರು ಯಾಜಕರು ಎನ್ನುತ್ತಾರೆ. ಪೂಜೆಯಲ್ಲಿ ರೊಟ್ಟಿ ಎತ್ತಿದಾಗ ನಾನು ಈಗ ಆ ಹೊರಗಿನ ರಾಜನನ್ನು ನೆನೆಯುತ್ತೇನೆ. ಅವನು ಅಬ್ರಹಾಮನನ್ನು ಯಾರ ಪೈಕಿ ಅಂತ ಕೇಳಲಿಲ್ಲ. ರೊಟ್ಟಿ ಕೊಟ್ಟ.

ಅವ್ವ ಕೂತಳು ಅಂದರೆ

ಈ ಕೀರ್ತನೆಯ ಇನ್ನೊಂದು ಪದ ನನಗೆ ಬಹಳ ದಿನ ದಕ್ಕಿರಲಿಲ್ಲ. ಕೂತಿರು. ರಾಜ ಕೂರುತ್ತಾನೆ, ಸರಿ. ಆದರೆ ಯಾಜಕ? ಇಸ್ರಾಯೇಲರು ದೇವಾಲಯ ಕಟ್ಟುವ ಮೊದಲು ಆರಾಧಿಸುತ್ತಿದ್ದ ದೇವದರ್ಶನದ ಗುಡಾರದಲ್ಲಿ ಏನೇನಿತ್ತು ಎಂದು ವಿಮೋಚನಾಕಾಂಡ ಅಳತೆ ಸಮೇತ ಬರೆದಿದೆ. ದೀಪಸ್ತಂಭ ಇತ್ತು, ರೊಟ್ಟಿ ಇಡುವ ಮೇಜಿತ್ತು, ಧೂಪದ ಪೀಠ ಇತ್ತು. ಕೂರಲು ಒಂದು ಕುರ್ಚಿ ಇರಲಿಲ್ಲ. ಯಾಜಕರ ಕೆಲಸ ಮುಗಿಯುವುದೇ ಇಲ್ಲವಲ್ಲ. ಇವತ್ತಿನ ಬಲಿ ಆದರೆ ನಾಳೆಯದು. ಇಬ್ರಿಯರ ಪತ್ರದ 10ನೇ ಅಧ್ಯಾಯ ಇದನ್ನೇ ಹಿಡಿಯುತ್ತದೆ. ಎಲ್ಲ ಯಾಜಕರೂ ದಿನಾ ನಿಂತುಕೊಂಡೇ ಇರುತ್ತಾರೆ, ಯೇಸು ಒಂದೇ ಸಲ ಬಲಿ ಕೊಟ್ಟು ಕೂತರು.

ಇದು ನನಗೆ ಅರ್ಥವಾದದ್ದು ಅವ್ವನಿಂದ. ನಮ್ಮ ಮನೆಯಲ್ಲಿ ಎಲ್ಲರೂ ಕೂರುತ್ತಿದ್ದೆವು, ಅವ್ವ ಕೂತದ್ದು ಕಾಣುತ್ತಿರಲಿಲ್ಲ. ರೊಟ್ಟಿ ಬಡಿಯಬೇಕು, ನೀರು ತರಬೇಕು, ಆಡಿಗೆ ಮೇವು ಹಾಕಬೇಕು. ರಾತ್ರಿ ಎಲ್ಲರದ್ದೂ ಊಟ ಆಗಿ, ಒಲೆ ಸಾರಿಸಿ, ಕದ ಮುಂದೆ ಮಾಡಿ, ಆಮೇಲೆ ಹೊಸ್ತಿಲ ಹತ್ತಿರ ಕೂರುತ್ತಿದ್ದಳು. ಅವ್ವ ಕೂತಳು ಅಂದರೆ ಮನೆಯ ಕೆಲಸ ಮುಗೀತು ಅಂತ ಅರ್ಥ. ಆದರೆ ಕೈಯಲ್ಲಿ ಜಪಸರ ಇರುತ್ತಿತ್ತು. ನಮ್ಮ ಹೆಸರು ಒಂದೊಂದಾಗಿ ಹೇಳುತ್ತಿದ್ದಳು, ದೂರ ದುಡಿಯಲು ಹೋದ ಚಿಗವ್ವನ ಮಕ್ಕಳದ್ದೂ ಬಿಡುತ್ತಿರಲಿಲ್ಲ. ಅವರು ನಮಗಾಗಿ ಬೇಡಿಕೊಳ್ಳಲು ಸದಾ ಬದುಕಿದ್ದಾರೆ ಎಂದು ಅದೇ ಪತ್ರ ಯೇಸುವಿನ ಬಗ್ಗೆ ಹೇಳುತ್ತದೆ. ಆ ಮಾತು ಓದುವಾಗೆಲ್ಲ ನನಗೆ ಕತ್ತಲಲ್ಲಿ ಮಣಿ ಸರಿಸುವ ಸದ್ದು ಕೇಳುತ್ತದೆ. ಯೇಸುವಿಗಾಗಿ ಮೊದಲು ಪ್ರಾಣ ಕೊಟ್ಟ ಸ್ತೇಫನನನ್ನು ಕಲ್ಲು ಹೊಡೆದು ಕೊಲ್ಲುವ ಹೊತ್ತಿಗೆ ಅವನು ಮೇಲೆ ನೋಡಿ, ಯೇಸು ದೇವರ ಬಲಗಡೆ ನಿಂತಿದ್ದಾರೆ ಎನ್ನುತ್ತಾನೆ. ಎಲ್ಲ ಕಡೆ ಕೂತವರು ಅಲ್ಲಿ ಮಾತ್ರ ಎದ್ದಿದ್ದಾರೆ. ಹೊರಗೆ ಮಗು ಚೀರಿದರೆ ಅವ್ವ ಜಪಸರ ಹಿಡಿದುಕೊಂಡೇ ಏಳುತ್ತಿದ್ದಳು.

ಬಿಟ್ಟ ವಚನ

ಇನ್ನು ಹೆಣಗಳ ವಚನ. ಗುರುಗಳು, ಸಿಸ್ಟರ್‌ಗಳು ಭಾನುವಾರ ಸಂಜೆ ಹೇಳುವ ಪ್ರಾರ್ಥನೆಯಲ್ಲಿ ಈ ಕೀರ್ತನೆ ಇದೆ. 1960ರ ದಶಕದಲ್ಲಿ ಜಗತ್ತಿನ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಆ ಪುಸ್ತಕವನ್ನು ಹೊಸದಾಗಿ ಮಾಡಿದಾಗ ಆರನೇ ವಚನವನ್ನು ಬಿಟ್ಟರು. ಪ್ರಾರ್ಥನೆ ಮಾಡುವವರಿಗೆ ಕಷ್ಟವಾಗಬಾರದು ಅನ್ನೋದು ಕಾರಣ. ನನಗೂ ಅದು ಕಷ್ಟವೇ. ಅದನ್ನು ಕೂಗಿಕೊಂಡು ಯಾರಾದರೂ ದೊಣ್ಣೆ ಹಿಡಿಯಬಹುದು ಎಂಬ ಭಯ ನನಗೂ ಇದೆ. ಆದರೂ ಆ ವಚನ ಬೈಬಲಿನಲ್ಲಿ ಉಳಿದದ್ದು ಒಳ್ಳೆಯದಾಯಿತು ಎಂದೇ ನಾನು ನಂಬುತ್ತೇನೆ.

ಒಂದು ವರ್ಷ ಹೊಲದ ಮಾಲೀಕರು ಅಪ್ಪನ ಕೂಲಿ ಹಿಡಿದುಕೊಂಡರು. ಹತ್ತಿ ಬಿಡಿಸಿದ್ದು, ತೊಗರಿ ಕೊಯ್ದದ್ದು, ಎಲ್ಲ ಸೇರಿ. ಅಪ್ಪ ನನ್ನನ್ನೂ ಕರೆದುಕೊಂಡು ಕೇಳಲು ಹೋದ. ಹೆಗಲ ಮೇಲಿನ ಟವಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಅಂಗಳದಲ್ಲಿ ನಿಂತ. ಒಳಗೆ ಊಟ ನಡೆದಿತ್ತು, ತಟ್ಟೆ ಸದ್ದು ಕೇಳುತ್ತಿತ್ತು. ಬಿಸಿಲು ಅಂಗಳ ದಾಟುವ ತನಕ ನಿಂತೆವು. ಯಾರೂ ಬರಲಿಲ್ಲ. ವಾಪಸ್ ಬರುವಾಗ ಅಪ್ಪ ಒಂದೇ ಮಾತು ಅಂದ, “ದೇವರು ನೋಡ್ತಾನ”. ಹರಸುವ ದನಿಯಲ್ಲ ಅದು. ಆರನೇ ವಚನದ ದನಿ. ಯೇಸು ನ್ಯಾಯಾಧೀಶರು ಎನ್ನುವುದು ಹೊಟ್ಟೆ ತುಂಬಿದವರಿಗೆ ಹೆದರಿಕೆಯ ಮಾತು, ಅಂಗಳದಲ್ಲಿ ನಿಂತವರಿಗೆ ಅದೊಂದೇ ಧೈರ್ಯ.

ಹಾಗಾದರೆ ಪಾದದ ಕೆಳಗೆ ಬೀಳಬೇಕಾದ ವೈರಿ ಆ ಮಾಲೀಕರಾ? ಎಷ್ಟೋ ವರ್ಷ ನಾನು ಹಾಗೇ ಅಂದುಕೊಂಡಿದ್ದೆ, ಬೇಕಂತಲೇ. ಪೌಲ ಕೊರಿಂಥದವರಿಗೆ ಬರೆಯುವಾಗ ಇದೇ ಮೊದಲ ವಚನ ತೆಗೆದುಕೊಂಡು, ಕಡೆಯ ವೈರಿ ಮರಣ ಎನ್ನುತ್ತಾನೆ. ಅಪ್ಪ ತೀರಿಕೊಂಡಾಗ ಅವನ ಕಾಲು ನಾನು ತೊಳೆದೆ. ಪರಾತ ಅಲ್ಲ, ಬಕೆಟ್ಟು. ಅದೇ ಬಿರುಕು, ಅದೇ ಕಪ್ಪು. ಇಟ್ಟಂಗಿ ಚೂರು ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಆಗ ಆ ಮಾಲೀಕರ ಮೇಲಿನ ಸಿಟ್ಟು ಎಲ್ಲೂ ಇರಲಿಲ್ಲ. ಕೈಯಲ್ಲಿದ್ದ ತಣ್ಣಗಿನ ಪಾದದ ಮೇಲೆ, ಅದನ್ನು ಹಾಗೆ ತಣ್ಣಗೆ ಮಾಡಿದ್ದರ ಮೇಲೆ ಇತ್ತು. ಮಾಡುವ ತನಕ ಕೂತಿರು ಎನ್ನುತ್ತದೆ ಕೀರ್ತನೆ. ಆ ತನಕ ಇನ್ನೂ ಮುಗಿದಿಲ್ಲ. ನಾವು ಅದರೊಳಗೇ ಇದ್ದೇವೆ.

ಹಳ್ಳ

ಏಳನೇ ವಚನವನ್ನು ಯಾಕೆ ಸೇರಿಸಿದರು ಅಂತ ದೊಡ್ಡ ದೊಡ್ಡವರೂ ತಲೆ ಕೆಡಿಸಿಕೊಂಡಿದ್ದಾರೆ. ಸಿಂಹಾಸನ, ರಾಜದಂಡ, ರಣರಂಗ ಎಲ್ಲ ಆದ ಮೇಲೆ ಸುಮ್ನೆ ಹಳ್ಳದ ನೀರು. ಸಂತ ಅಗಸ್ತೀನರು ಆ ಹಳ್ಳವನ್ನು ಹುಟ್ಟಿ ಹರಿದು ಹೋಗುವ ಮನುಷ್ಯರ ಬಾಳು ಎಂದು ಓದಿದರು. ಕ್ರಿಸ್ತರು ನಮ್ಮ ಹುಟ್ಟು ಸಾವಿನ ನೀರು ಕುಡಿದರು, ಅದಕ್ಕೇ ತಲೆ ಎತ್ತಿದರು ಅಂತ. ನನಗೆ ಅದು ಒಪ್ಪಿಗೆ. ಆದರೆ ನಮ್ಮ ಕಡೆಯವರು ಅದನ್ನು ಓದಲು ಅಷ್ಟು ದೂರ ಹೋಗಬೇಕಿಲ್ಲ.

ಏಪ್ರಿಲ್ಲಿನಲ್ಲಿ ನಮ್ಮ ಹಳ್ಳಗಳಲ್ಲಿ ನೀರು ಮೇಲೆ ಕಾಣುವುದಿಲ್ಲ. ಬರೀ ಉಸುಕು. ಹೊಲದಿಂದ ಬರುವಾಗ ಅಪ್ಪ ಹಳ್ಳದ ನಡುವೆ ಒಂದು ಜಾಗ ನೋಡಿ ಕೂರುತ್ತಿದ್ದ. ಎರಡೂ ಕೈಯಿಂದ ಉಸುಕು ತೋಡುತ್ತಿದ್ದ. ಮೊಣಕೈ ಮುಳುಗುವಷ್ಟು ತೋಡಿದ ಮೇಲೆ ತಳದಲ್ಲಿ ಉಸುಕು ಒದ್ದೆಯಾಗಿ ಕಪ್ಪಾಗುತ್ತಿತ್ತು. ಆಮೇಲೆ ಸುಮ್ಮನೆ ಕಾಯುವುದು. ನೀರು ನಿಧಾನ ಜಿನುಗುತ್ತದೆ. ಮೊದಲು ಬಂದ ಕೆಂಪು ನೀರನ್ನು ಮೊಗೆದು ಚೆಲ್ಲುತ್ತಿದ್ದ, ಎರಡನೆಯದನ್ನೂ. ಮೂರನೆಯದು ತಿಳಿ. ಆ ನೀರು ಕುಡಿಯಬೇಕಾದರೆ ನಿಂತು ಆಗುವುದಿಲ್ಲ. ಕೂತರೂ ಆಗುವುದಿಲ್ಲ. ಮೊಣಕಾಲೂರಿ, ಎದೆ ಉಸುಕಿಗೆ ತಾಗುವಷ್ಟು ಬಗ್ಗಿ, ಬೊಗಸೆ ಇಳಿಬಿಡಬೇಕು. ಅಪ್ಪ ನನಗೆ ಮೊದಲು ಕೊಡುತ್ತಿದ್ದ. ಆಮೇಲೆ ತಾನು ಬಗ್ಗುತ್ತಿದ್ದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಅಂಗಿ ಬೆವರಿಗೆ ಅಂಟಿಕೊಂಡಿರುತ್ತಿತ್ತು, ಹಿಂದೆ ಎರಡು ಒಡೆದ ಅಂಗಾಲು ಮೇಲೆ ಮುಖ ಮಾಡಿರುತ್ತಿದ್ದವು. ಗುಟುಕು ಗುಟುಕು ಸದ್ದು. ಬಹಳ ಹೊತ್ತು. ಆಮೇಲೆ ತಲೆ ಎತ್ತುತ್ತಿದ್ದ. ಮೀಸೆಯಿಂದ ನೀರು ಸೋರುತ್ತಿತ್ತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡುತ್ತಿದ್ದ.

“ಸಾಕಾತೇನು? ಇನ್ನೂ ಅದ, ಕುಡಿ.”